ಎರಡು ಏಣಿಗಳ ನಡುವಿನ ಸಂಯಮ

ಮಾನ್ಯ ಸಂಪಾದಕರೆ,

ಅಮೆರಿಕದ ಫೆಡರಲ್ ನ್ಯಾಯಾಲಯಗಳು ರಾಜ್ಯದ ಕೋರ್ಟಿನಲ್ಲಿ ನಡೆಯುತ್ತಿರುವ ಪ್ರಕರಣದಲ್ಲಿ ಮಧ್ಯಪ್ರವೇಶಿಸಲು ಒಲ್ಲೆವೆಂದಾಗ, ಅದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯವೆಂದು ನಮ್ಮಲ್ಲಿ ಹಲವರಿಗೆ ತೋರುತ್ತದೆ. ನಮ್ಮಲ್ಲಿ ಮ್ಯಾಜಿಸ್ಟ್ರೇಟರಿಂದ ಸುಪ್ರೀಂ ಕೋರ್ಟಿನವರೆಗೆ ಇರುವುದು ಒಂದೇ ಏಣಿ, ಅಲ್ಲಿ ಎರಡು: ರಾಜ್ಯಗಳದ್ದೊಂದು, ಫೆಡರಲ್ ಅಂದರೆ ಕೇಂದ್ರದ್ದೊಂದು. ಬಂಧನದ ಕಾನೂನುಬದ್ಧತೆಯನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯ ಮಾತು ಬಿಟ್ಟರೆ, ಫೆಡರಲ್ ಜಿಲ್ಲಾ ನ್ಯಾಯಾಧೀಶರು ರಾಜ್ಯದ ನ್ಯಾಯಾಧೀಶರ ಮೇಲಧಿಕಾರಿಗಳಲ್ಲ.

ಈ ಸಂಯಮಕ್ಕೆ ಸ್ಪಷ್ಟ ರೂಪ ಸಿಕ್ಕಿದ್ದು 1971ರ ಯಂಗರ್ ವಿರುದ್ಧ ಹ್ಯಾರಿಸ್ ತೀರ್ಪಿನಲ್ಲಿ. ಕರಪತ್ರ ಹಂಚಿದ್ದಕ್ಕಾಗಿ ಕ್ಯಾಲಿಫೋರ್ನಿಯಾದ ಕಾಯ್ದೆಯೊಂದರಡಿ ಆರೋಪಿಯಾಗಿದ್ದ ಹ್ಯಾರಿಸ್, ಆ ಕಾಯ್ದೆಯೇ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಫೆಡರಲ್ ಕೋರ್ಟಿನಿಂದ ತಡೆಯಾಜ್ಞೆ ಪಡೆದಿದ್ದರು. ಅದನ್ನು ರದ್ದುಪಡಿಸಿದ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬರೆದ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್, ಆ ವಾದವನ್ನು ರಾಜ್ಯದ ಕೋರ್ಟಿನಲ್ಲಿಯೇ ಮಂಡಿಸಲು ಅವಕಾಶವಿರುವಾಗ, ದುರುದ್ದೇಶ ಅಥವಾ ಕಿರುಕುಳದಂಥ ಅಸಾಧಾರಣ ಸಂದರ್ಭವಿಲ್ಲದೆ ಫೆಡರಲ್ ಕೋರ್ಟ್ ಕೈಹಾಕಕೂಡದು ಎಂದರು. ಈ ಮಾತು ಸರಿಯೆಂದೇ ನನ್ನ ಭಾವನೆ. ಇಲ್ಲವಾದರೆ ಪ್ರತಿ ಆರೋಪಿಯೂ ವಿಚಾರಣೆಯ ನಡುವೆ ಎದ್ದು ಪಕ್ಕದ ಕಟ್ಟಡಕ್ಕೆ ಹೋಗುತ್ತಿದ್ದ. ಎರಡೂ ಕಡೆ ಒಂದೇ ವಿವಾದ ನಡೆಯುತ್ತಿದೆ ಎಂಬುದಷ್ಟೇ ಫೆಡರಲ್ ಕೋರ್ಟ್ ದೂರ ಉಳಿಯಲು ಸಾಲದೆಂದು 2013ರ ಸ್ಪ್ರಿಂಟ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಹೇಳಿದ್ದೂ ಅಷ್ಟೇ ಸರಿ.

ತೊಡಕಿರುವುದು ಜಾಮೀನಿನ ವಿಷಯದಲ್ಲಿ. ಹಣ ಕಟ್ಟಲಾಗದೆ ಜೈಲಿನಲ್ಲಿರುವವನ ದೂರು ತನ್ನ ಮೇಲಿನ ಆರೋಪದ ಬಗ್ಗೆಯಲ್ಲ, ವಿಚಾರಣೆಗೆ ಮುಂಚೆಯೇ ಕೂಡಿಹಾಕುವ ಕ್ರಮದ ಬಗ್ಗೆ. ಮೊಕದ್ದಮೆಯಲ್ಲಿ ಗೆದ್ದರೂ ಆ ದಿನಗಳು ಅವನಿಗೆ ಹಿಂದಿರುಗುವುದಿಲ್ಲ. ಬಂಧನಕ್ಕೆ ಆಧಾರವಿದೆಯೇ ಎಂದು ನ್ಯಾಯಾಧೀಶರು ಪರಿಶೀಲಿಸದೆ ಬಂಧನದಲ್ಲಿಟ್ಟುಕೊಳ್ಳುವುದನ್ನು ಪ್ರಶ್ನಿಸಲು ಯಂಗರ್ ತೀರ್ಪು ಅಡ್ಡಿಯಲ್ಲವೆಂದು ಸುಪ್ರೀಂ ಕೋರ್ಟ್ 1975ರ ಗರ್‌ಸ್ಟೈನ್ ಪ್ರಕರಣದಲ್ಲಿ ಒಪ್ಪಿಕೊಂಡಿತ್ತು. ಹೀಗಿದ್ದೂ 2023ರಲ್ಲಿ ಟೆಕ್ಸಾಸ್ ಒಳಗೊಂಡ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯವಾದ ಐದನೇ ಸರ್ಕ್ಯೂಟಿನ ಪೂರ್ಣಪೀಠ, ಟೆಕ್ಸಾಸಿನ ಡಲ್ಲಾಸ್ ಕೌಂಟಿಯ ಜಾಮೀನು ಪದ್ಧತಿಯನ್ನು ಪ್ರಶ್ನಿಸಿದ ದಾವೆಯಿಂದ ಫೆಡರಲ್ ಕೋರ್ಟ್ ದೂರ ಉಳಿಯಬೇಕಿತ್ತೆಂದು ತೀರ್ಮಾನಿಸಿತು. ರಾಜ್ಯದ ಕೋರ್ಟಿನಲ್ಲಿ ಪರಿಹಾರ ಕೇಳಲು ಅವಕಾಶ ಇದೆಯೇ ಎಂದಷ್ಟೇ ನೋಡದೆ, ಆ ಪರಿಹಾರ ಕೈದಿಗೆ ಸಕಾಲದಲ್ಲಿ ದಕ್ಕುತ್ತದೆಯೇ ಎಂದೂ ಕೇಳಬೇಕಿತ್ತು. ದಾವೆ ಹೂಡಿದ್ದು 2018ರಲ್ಲಿ. 2021ರಲ್ಲಿ ಟೆಕ್ಸಾಸ್ ಶಾಸನಸಭೆ ಜಾಮೀನು ಕಾನೂನನ್ನು ತಿದ್ದಿದ್ದರಿಂದ ವಿವಾದವೇ ಉಳಿದಿಲ್ಲವೆಂದೂ ಅದೇ ತೀರ್ಪು ಹೇಳಿದೆ. ಅಷ್ಟೇ ಸಾಕಾಗಿದ್ದಾಗ, ಯಂಗರ್ ತತ್ವವನ್ನು ಜಾಮೀನಿನವರೆಗೂ ಹಿಗ್ಗಿಸುವ ಅಗತ್ಯ ಏನಿತ್ತು?

– ನಿವೃತ್ತ ವಕೀಲ, ಧಾರವಾಡ