ಕೂನೂರಿನ ಎಂಜಿನ್ ಹುಟ್ಟಿದ ಊರಿಂದ

ಅಪ್ಪನಿಗೆ ನಮಸ್ಕಾರ,

ನಾನಿಲ್ಲಿ ಆರಾಮಾಗಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅಂತ ಬರೀತಿದ್ದೇನೆ. ನಾನು ಚಿಕ್ಕವಳಿದ್ದಾಗ ಕೂನೂರು ಸ್ಟೇಷನ್‌ನಲ್ಲಿ ನನ್ನನ್ನು ಎತ್ತಿಕೊಂಡು ಊಟಿ ರೈಲಿನ ಎಂಜಿನ್ ಮೇಲಿದ್ದ ಪ್ಲೇಟು ಓದಿಸಿದಿರಲ್ಲ, ನೆನಪಿದೆಯಾ? ನೀವು "ವಿಂಟರ್‌ಥರ್" ಅಂದಿರಿ. ಚಳಿಗಾಲದ ಎಂಜಿನ್ ಇರಬೇಕು ಅಂದುಕೊಂಡಿದ್ದೆ ನಾನು. ಅದು ಊರಿನ ಹೆಸರು ಅಪ್ಪ! ಇಲ್ಲಿಯವರು ವಿಂಟರ್‌ಟೂರ್ ಅಂತಾರೆ. ಜ್ಯೂರಿಕ್ ಪಕ್ಕದಲ್ಲೇ ಇದೆ, ಭಾನುವಾರ ಹೋಗಿ ಬಂದೆ.

ಆ ಎಂಜಿನ್ ಮಾಡಿದ ಕಂಪನಿ ಹೆಸರು ಎಸ್‌ಎಲ್‌ಎಂ, ಅಂದರೆ ಸ್ವಿಸ್ ಲೋಕೋಮೋಟಿವ್ ಅಂಡ್ ಮೆಷಿನ್ ವರ್ಕ್ಸ್. 1871ರಲ್ಲಿ ಶುರು ಮಾಡಿದ್ದು ಚಾರ್ಲ್ಸ್ ಬ್ರೌನ್ ಅನ್ನೋ ಇಂಗ್ಲಿಷ್ ಎಂಜಿನಿಯರ್. 1873ರಲ್ಲಿ ಹೊರಬಂದ ಮೊದಲ ಎಂಜಿನ್ನೇ ಬೆಟ್ಟ ಹತ್ತುವುದು, ರಿಗಿ ಬೆಟ್ಟದ ರೈಲಿಗೆ ಅಂತ ಮಾಡಿದ್ದು. ಅದರ ಬಾಯ್ಲರ್ ಮಲಗಿಲ್ಲ, ಹಂಡೆ ಹಾಗೆ ನೆಟ್ಟಗೆ ನಿಂತಿದೆ. ಏರಿನಲ್ಲಿ ಬಾಯ್ಲರಿನೊಳಗಿನ ನೀರು ಒಂದೇ ಕಡೆ ಸರಿದುಬಿಟ್ಟರೆ ಅಪಾಯ, ಅದಕ್ಕೇ ಹಾಗೆ.

ನಮ್ಮ ಊಟಿ ಎಂಜಿನ್ ಇನ್ನೂ ಜಾಣ. 1914ರಿಂದ 1925ರವರೆಗೆ ಮಾಡಿದರು, ಆಮೇಲೆ 1952ರಲ್ಲಿ ಮತ್ತೆ ಕೆಲವು. ಅದಕ್ಕೆ ನಾಲ್ಕು ಸಿಲಿಂಡರ್. ಸಮತಟ್ಟಿನಲ್ಲಿ ಎರಡೇ ಕೆಲಸ ಮಾಡುತ್ತವೆ. ಕಲ್ಲಾರ್ ಸ್ಟೇಷನ್ ದಾಟಿ ಹಲ್ಲಿನ ಹಳಿ ಬಂತು ಅಂದರೆ, ಆ ಎರಡರಲ್ಲಿ ದುಡಿದು ಹೊರಬಂದ ಹಬೆಯನ್ನೇ ಸುಮ್ನೆ ಬಿಟ್ಟುಬಿಡದೆ ಇನ್ನೆರಡು ಸಿಲಿಂಡರಿಗೆ ಕೊಟ್ಟು, ಅವುಗಳಿಂದ ಹಲ್ಲುಚಕ್ರ ತಿರುಗಿಸುತ್ತಾರೆ. ಒಂದೇ ಹಬೆ, ಎರಡು ಸಲ ದುಡಿತ! ಹನ್ನೆರಡೂವರೆ ಅಡಿ ಹೋದರೆ ಒಂದಡಿ ಮೇಲೆ, ಅಷ್ಟು ಕಡಿದಾದ ಏರು ಅದು. ಹಳಿ ಮಧ್ಯೆ ಹಲ್ಲಿನ ಪಟ್ಟಿ ಎರಡಿವೆ, ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರದಂತೆ ಬೇಕಂತಲೇ ಹಿಂದೆ ಮುಂದೆ ಮಾಡಿದ್ದಾರೆ. ಒಂದರ ಹಿಡಿತ ಸಡಿಲವಾಗುವ ಹೊತ್ತಿಗೆ ಇನ್ನೊಂದು ಹಿಡಿದಿರುತ್ತದೆ. ಇದು ರೋಮನ್ ಆಬ್ಟ್ ಅನ್ನೋ ಸ್ವಿಸ್ ಎಂಜಿನಿಯರ್ ತಲೆ.

ತಮಾಷೆ ಕೇಳಿ. ಈ ಬ್ರೌನ್ ಮಗನೇ 1891ರಲ್ಲಿ ವಾಲ್ಟರ್ ಬೋವೆರಿ ಜೊತೆ ಸೇರಿ ಬ್ರೌನ್ ಬೋವೆರಿ ಅನ್ನೋ ವಿದ್ಯುತ್ ಕಂಪನಿ ತೆಗೆದಿದ್ದು, ಈಗಿನ ಎಬಿಬಿ. ಅಪ್ಪ ಹಬೆ ಎಂಜಿನ್ ಮಾಡಿದ, ಮಗ ಹಿಡಿದ ದಾರಿ ಹಬೆಯನ್ನೇ ಮೂಲೆಗೆ ತಳ್ಳಿತು! ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಒದ್ದಾಡಿದ ಮೇಲಂತೂ ಈ ದೇಶ ಬೇಗಬೇಗ ಕರೆಂಟ್ ರೈಲಿಗೆ ಬದಲಾಯಿತು. ಎಸ್‌ಎಲ್‌ಎಂ ಮಂಕಾಗಿ ಕೂರಲಿಲ್ಲ, ಆಲ್ಪ್ಸ್ ದಾಟುವ ಗೊಟ್ಹಾರ್ಡ್ ಮಾರ್ಗದ 'ಮೊಸಳೆ' ಅನ್ನೋ ಕರೆಂಟ್ ಎಂಜಿನ್ನುಗಳ ಒಡಲು ಮಾಡಿಕೊಟ್ಟಿತು. ಉದ್ದ ಮೂತಿ, ಹೆಸರು ಸರಿಯಾಗೇ ಇದೆ.

ನನಗೆ ಇಷ್ಟವಾಗಿದ್ದು ವಿಯೆಟ್ನಾಂ ಕಥೆ. ಇಲ್ಲಿನ ಫುರ್ಕಾ ಅನ್ನೋ ಬೆಟ್ಟದ ರೈಲು ಮಾರ್ಗದಲ್ಲಿ ಓಡುತ್ತಿದ್ದ ಎಸ್‌ಎಲ್‌ಎಂ ಎಂಜಿನ್ನುಗಳಲ್ಲಿ ನಾಲ್ಕನ್ನು 1947ರಲ್ಲಿ ವಿಯೆಟ್ನಾಂಗೆ ಮಾರಿದ್ದರು. 1990ರಲ್ಲಿ ರೈಲು ಹುಚ್ಚಿನ ಜನ ಅಲ್ಲಿಗೇ ಹೋಗಿ, ಅಲ್ಲಿ ತುಕ್ಕು ಹಿಡಿದು ನಿಂತಿದ್ದವನ್ನು ಹಡಗಿನಲ್ಲಿ ವಾಪಸ್ ತಂದರು. ಮದುವೆಯಾಗಿ ಹೋದ ಮಗಳನ್ನು ತವರಿಗೆ ಕರೆತಂದ ಹಾಗೆ, ಅಲ್ವಾ?

1992ರಲ್ಲಿ, ಎಲ್ಲರೂ ಹಬೆ ಮರೆತಿದ್ದಾಗ, ಬೆಟ್ಟದ ರೈಲುಗಳಿಗೆ ಎಣ್ಣೆಯಲ್ಲಿ ಉರಿಯುವ ಹೊಸ ಹಬೆ ಎಂಜಿನ್ ಮಾಡಿದರು. ಆದರೂ ಉಳಿಯಲಿಲ್ಲ. 1998ರಲ್ಲಿ ಕಂಪನಿಯನ್ನು ತುಂಡು ತುಂಡು ಮಾಡಿ ಮಾರಿದರು.

ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು. ಬಡಾವಣೆ ಹೆಸರು ಲೋಕ್‌ಸ್ಟಾಟ್, ಅಂದರೆ ಎಂಜಿನ್ ಪಟ್ಟಣ. ಒಬ್ಬರು ಅಜ್ಜನಿಗೆ ನನ್ನ ಮೊಬೈಲಿನಲ್ಲಿ ಊಟಿ ರೈಲಿನ ವೀಡಿಯೊ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿ, "ನಂಬರ್ ಎಷ್ಟು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ, ನಾಚಿಕೆ ಆಯಿತು.

ಹಾಗಾಗಿ ಮುಂದಿನ ಸಲ ಕೂನೂರಿಗೆ ಹೋದಾಗ ಪ್ಲೇಟಿನ ನಂಬರೂ ಇಸವಿಯೂ ಬರೆದುಕೊಂಡು ಬನ್ನಿ, ಮರೀಬೇಡಿ. ಅಮ್ಮನ ಮಂಡಿ ನೋವು ಹೇಗಿದೆ ಅಂತಲೂ ಬರೆಯಿರಿ.

ನಿಮ್ಮ ಮಗಳು