ಎರಡು ಬಾಟಲಿ

ಡೊಂಬಿವಲಿ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಳಿಯಂದಿರಿಗೆ ವೃಷಣದ ಬಯಾಪ್ಸಿ (ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು) ಆಗಬೇಕೆಂದು ಪುಣೆಯ ಡಾಕ್ಟರು ಹೇಳಿರುವುದನ್ನು ನಿನ್ನಮ್ಮ ನಿನ್ನೆ ರಾತ್ರಿ ಊಟಕ್ಕೆ ಬಡಿಸುತ್ತ, ನನ್ನ ಮುಖ ನೋಡದೆ ತಿಳಿಸಿದಳು. ಇಂಥ ವಿಷಯವನ್ನು ಅಪ್ಪ ಮಗಳೊಡನೆ ಆಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಆದರೂ ಮುಂಬಯಿಯ ಆಸ್ಪತ್ರೆಯೊಂದರ ಹಿಸ್ಟೊಪೆಥಾಲಜಿ (ಅಂಗಾಂಶ ಪರೀಕ್ಷೆಯ) ಲ್ಯಾಬಿನಲ್ಲಿ 31 ವರ್ಷ ಸ್ಲೈಡು ತಯಾರಿಸಿದವನು ಸುಮ್ಮನಿರುವುದು ಸರಿಯಲ್ಲವೆನಿಸಿ ಬರೆಯುತ್ತಿದ್ದೇನೆ.

ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವೆಂದು ಒಂದು ಪರೀಕ್ಷೆಯಿಂದ ತೀರ್ಮಾನಿಸಲಾಗದು. ಎರಡು ಸಲವಾದರೂ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿದದ್ದನ್ನು ನೋಡಿರಬೇಕು. ಎಫ್‌ಎಸ್‌ಎಚ್ ಹಾರ್ಮೋನು (ವೀರ್ಯಾಣು ಉತ್ಪತ್ತಿಯನ್ನು ಪ್ರಚೋದಿಸುವಂಥದು) ಏರಿದ್ದು ವೃಷಣಗಳು ಚಿಕ್ಕದಾಗಿದ್ದರೆ ದೋಷವು ಸಾಮಾನ್ಯವಾಗಿ ಉತ್ಪತ್ತಿಯಲ್ಲಿರುತ್ತದೆ, ದಾರಿಯ ಅಡಚಣೆಯಲ್ಲಲ್ಲ. ಹಾಗಿದ್ದಲ್ಲಿ ವೈ ಕ್ರೋಮೋಸೋಮಿನ ರಕ್ತಪರೀಕ್ಷೆ ಮೊದಲು ಆಗಲಿ: ಅದರ ಕೆಲವು ಭಾಗಗಳು ಪೂರ್ತಿ ಇಲ್ಲದವರಲ್ಲಿ ವೃಷಣವನ್ನು ಕೊಯ್ದು ಹುಡುಕಿದರೂ ವೀರ್ಯಾಣು ಸಿಗುವ ಭರವಸೆ ಇಲ್ಲವೆಂದೇ ಹೇಳಬೇಕು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬಾಟಲಿಯ ವಿಷಯ. ಮಿಕ್ಕ ಅಂಗಗಳ ತುಣುಕುಗಳನ್ನೆಲ್ಲ ಕೆಡದಂತೆ ಫಾರ್ಮಲಿನ್‌ನಲ್ಲಿ ಹಾಕಿ ಕಳಿಸುವುದು ವಾಡಿಕೆ. ವೃಷಣದ ಸೂಕ್ಷ್ಮ ನಾಳಗಳೊಳಗಿನ ಜೀವಕೋಶಗಳು ಅದರಲ್ಲಿ ಕುಗ್ಗಿ ವಿಕಾರವಾಗುವುದರಿಂದ ಅದಕ್ಕೆ ಬೂವ್ಯಾಂ ದ್ರಾವಣವೇ ಒಳ್ಳೆಯದು. ಪಿಕ್ರಿಕ್ ಆಮ್ಲ, ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲ ಸೇರಿದ, ಅರಿಸಿನ ಕದಡಿದಂಥ ಹಳದಿ ನೀರು. ನೀನು ಚಿಕ್ಕವಳಿದ್ದಾಗ ನನ್ನ ಬೆರಳು ನೋಡಿ ‘ಅಪ್ಪ ಮದುವೆ ಊಟ ಮಾಡಿ ಬಂದರು’ ಎನ್ನುತ್ತಿದ್ದೆಯಲ್ಲ, ಅದರ ಕಲೆಯೇ ಅದು. ಒಮ್ಮೆ ಹೊರಗಿನ ನರ್ಸಿಂಗ್ ಹೋಮಿನಿಂದ ಇಂಥದೊಂದು ತುಣುಕು ಫಾರ್ಮಲಿನ್‌ನಲ್ಲಿ ಬಂತು. ನಾನು ಎಷ್ಟು ಜತನದಿಂದ ಸೆಕ್ಷನ್ (ಸ್ಲೈಡಿಗೆ ಬೇಕಾದ ತೆಳು ಪದರ) ತೆಗೆದರೂ ನಮ್ಮ ಡಾಕ್ಟರಿಗೆ ಏನನ್ನೂ ಖಚಿತವಾಗಿ ಬರೆಯಲಾಗದೆ, ಆ ಹುಡುಗ ಮತ್ತೊಮ್ಮೆ ಟೇಬಲ್ಲಿನ ಮೇಲೆ ಮಲಗಬೇಕಾಯಿತು.

ಆದರೆ ಹಳದಿ ಬಾಟಲಿಗೆ ಬಿದ್ದ ಜೀವಕೋಶ ಸತ್ತ ಜೀವಕೋಶ. ಆದ್ದರಿಂದ ಎರಡನೆಯ ಬಾಟಲಿಯೊಂದು ಬೇಕು. ಅದರಲ್ಲಿ ಪೋಷಕ ದ್ರವವಿದ್ದು, ಅದು ನೇರವಾಗಿ ಎಂಬ್ರಿಯಾಲಜಿಸ್ಟರ (ಭ್ರೂಣತಜ್ಞರ) ಕೈಗೆ ಹೋಗಬೇಕು. ವೀರ್ಯಾಣು ಕಂಡರೆ ಅಂದೇ ಫ್ರೀಜ್ ಮಾಡಿಡಬಹುದು. ಈ ಏರ್ಪಾಡಿಲ್ಲದ ಕಡೆ ಬರೀ ಕಾರಣ ತಿಳಿಯಲೆಂದು ಬಯಾಪ್ಸಿ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಡಾಕ್ಟರನ್ನು ಕೇಳಲು ಸಂಕೋಚಪಡಬೇಡ.

ವರದಿಯಲ್ಲಿ ವೀರ್ಯಾಣು ಉತ್ಪತ್ತಿ ಎಷ್ಟೆಂದು ತೋರಿಸುವ, 1ರಿಂದ 10ರವರೆಗಿನ ಜಾನ್ಸೆನ್ ಅಂಕ ಇದ್ದೀತು. 10 ಎಂದರೆ ಉತ್ಪತ್ತಿ ಸಂಪೂರ್ಣ, 2 ಎಂದರೆ ನಾಳದಲ್ಲಿ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳು ಮಾತ್ರ. ಅಂಕ ಕಡಿಮೆ ಬಂದರೆ ಇಬ್ಬರೂ ಕುಸಿಯಬೇಡಿ. ಒಂದು ಮೂಲೆಯ ನಾಳಗಳು ಬರಿದಾಗಿದ್ದು ಪಕ್ಕದಲ್ಲೇ ಉತ್ಪತ್ತಿ ನಡೆದಿರುವುದುಂಟು. ಮೈಕ್ರೋಸ್ಕೋಪಿನಡಿ ದಪ್ಪನೆಯ, ಬೆಳ್ಳಗಿನ ನಾಳಗಳನ್ನು ಆರಿಸಿ ತೆಗೆಯುವ ಮೈಕ್ರೋ-ಟೀಸೆ ಎಂಬ ಶಸ್ತ್ರಕ್ರಿಯೆ ಬಂದದ್ದೇ ಅದಕ್ಕಾಗಿ.

ಕ್ಯಾನ್ಸರಿನ ಹೆದರಿಕೆಯಿಂದ ಈ ಬಯಾಪ್ಸಿ ಎಂದು ನಿನ್ನಮ್ಮ ತಿಳಿದುಕೊಂಡಿದ್ದಾಳೆ. ವೃಷಣದಲ್ಲಿ ಕ್ಯಾನ್ಸರಿನ ಬಲವಾದ ಶಂಕೆಯಿದ್ದರೆ ವೃಷಣಚೀಲದ ಮೂಲಕ ಸೂಜಿ ಚುಚ್ಚುವುದೇ ಇಲ್ಲ, ರೋಗ ಹರಡೀತೆಂದು ತೊಡೆಸಂದಿಯಿಂದ ಇಡೀ ವೃಷಣವನ್ನೇ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ ಎಂದು ಅವಳಿಗೆ ಹೇಳಿದ್ದೇನೆ.

ದಿನ ಗೊತ್ತಾದೊಡನೆ ತಿಳಿಸು, ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಬರುತ್ತೇನೆ. ಸ್ಲೈಡು ಓದಿ ರೋಗ ಹೇಳುವ ಅಧಿಕಾರ ನನಗಿಲ್ಲ. ಅದನ್ನು ಸರಿಯಾಗಿ ತಯಾರಿಸಿದ್ದಾರೋ ಇಲ್ಲವೋ ಎಂಬುದನ್ನು ಮಾತ್ರ ಹೇಳಬಲ್ಲೆ.

ಇಂತಿ,
ನಿನ್ನ ಅಪ್ಪ