ಸಪ್ತಾಹ ಆಯಿತು, ಬಾಣಂತಿಯ ಊಟ ಎಲ್ಲಿ?

ಮಾನ್ಯರೇ,

ಜಿಲ್ಲಾಸ್ಪತ್ರೆಯಲ್ಲಿ ನಡೆದ ಸ್ತನ್ಯಪಾನ ಸಪ್ತಾಹದ ವರದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಫೋಟೊ ಚೆನ್ನಾಗಿ ಬಂದಿದೆ. ಸಾಹೇಬರು ಕೂತಿರುವ ಆ ಕುರ್ಚಿಗಳು ಎಲ್ಲಿಯವು ಗೊತ್ತಾ? ಎಸ್‌ಎನ್‌ಸಿಯು, ಅಂದರೆ ಹಸುಗೂಸುಗಳ ವಿಶೇಷ ಆರೈಕೆ ಘಟಕದ ಹೊರಗೆ ಬಾಣಂತಿಯರು ಕೂತು ಹಾಲು ಹಿಂಡುವ ಕುರ್ಚಿಗಳು. ಕಾರ್ಯಕ್ರಮ ಮುಗಿಯುವ ತನಕ ನನ್ನ ಮಗಳೂ ಸೇರಿ ಎಲ್ಲರೂ ಗೋಡೆಗೆ ಒರಗಿ ನಿಂತಿದ್ದರು. ತಾಯಿ ಹಾಲಿನ ಮಹತ್ವದ ಭಾಷಣ ಕೇಳಿಕೊಂಡು!

ನನ್ನ ಮೊಮ್ಮಗ ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ. ಗಾಜಿನ ಪೆಟ್ಟಿಗೆಯಲ್ಲಿದ್ದಾನೆ. ಚೀಪುವ ಶಕ್ತಿ ಇನ್ನೂ ಬಂದಿಲ್ಲ, ಪೈಪಿನಲ್ಲಿ ಹಾಲು ಬಿಡುತ್ತಾರೆ. ಆಮೇಲೆ ಒಳಲೆಯಲ್ಲಿ ಕುಡಿಸುತ್ತಾರಂತೆ. ಅವನಮ್ಮ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ಹಿಂಡಿ ಕೊಡಬೇಕು. ಬೇಗ ಹೆತ್ತವಳ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನ್ ಜಾಸ್ತಿ ಇರುತ್ತದೆ, ಇಂಥ ಮಕ್ಕಳ ಕರುಳನ್ನು ಕಾಯುವುದೂ ಅದೇ ಎಂದು ಸಿಸ್ಟರ್ ಹೇಳಿದರು. ಪಾಪ, ಅವರ ಮೇಲೆ ನನಗೆ ದೂರಿಲ್ಲ.

ಆದರೆ ಹಿಂಡುವವಳು ಏನು ತಿನ್ನಬೇಕು? ಮಗು ಒಳಗೆ, ತಾಯಿ ಡಿಸ್ಚಾರ್ಜ್. ಸರ್ಕಾರಿ ಆಸ್ಪತ್ರೆಯ ಹೆರಿಗೆಗೆಂದು ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಪುಕ್ಕಟೆ ಊಟ ಮಾಮೂಲಿ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ದಿನ ತುಂಬದ ಮಗು ವಾರಗಟ್ಟಲೆ ಒಳಗಿರುತ್ತದೆ ಎಂದು 2011ರಲ್ಲಿ ಅದನ್ನು ಶುರು ಮಾಡಿ ಲೆಕ್ಕ ಹಾಕಿದವರಿಗೆ ಹೊಳೆಯಲಿಲ್ಲವೇನೋ. ಊಟದ ಗಾಡಿಯವನು 'ಲಿಸ್ಟ್‌ನಲ್ಲಿ ಹೆಸರಿಲ್ಲಮ್ಮ' ಎಂದು ಮುಂದೆ ತಳ್ಳಿಕೊಂಡು ಹೋಗುತ್ತಾನೆ. ಗರ್ಭಿಣಿ, ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ ಯೋಜನೆ ಇದೆಯಲ್ಲ ಎನ್ನಬೇಡಿ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ ಎಲ್ಲ ಕೊಡುತ್ತಾರೆ, ನಮ್ಮೂರ ಅಂಗನವಾಡಿಗೆ ಹೋಗಿ ಕೂತು ಉಂಡರೆ! ಮಗು ಇಲ್ಲಿ, ತಟ್ಟೆ ಅಲ್ಲಿ.

ಹಾಗಾಗಿ ನಾನೇ ಸಬ್ಬಸಿಗೆ ಸೊಪ್ಪಿನ ಪಲ್ಯ, ಬೇಳೆ ಕಟ್ಟು, ಮೊಟ್ಟೆ ಕಟ್ಟಿಕೊಂಡು ಆಟೊ ಹತ್ತುತ್ತೇನೆ. ಗೇಟಿನಲ್ಲಿ ಸೆಕ್ಯುರಿಟಿಯವನು ಕ್ಯಾರಿಯರ್ ಬಿಚ್ಚಿಸಿ ನೋಡಿ, 'ಇದು ವಿಸಿಟಿಂಗ್ ಟೈಮ್ ಅಲ್ಲ' ಎನ್ನುತ್ತಾನೆ. ಲಿಫ್ಟ್ ಕೆಟ್ಟಿದೆ. ಮಂಡಿ ಹಿಡಿದುಕೊಂಡು ಮೂರನೇ ಮಹಡಿ ಹತ್ತುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತದೆ. ಬಾಣಂತಿ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಾಳೆ. ಕುಡಿಯುವ ನೀರಿನ ಘಟಕವನ್ನು ಹಿಂದಿನ ಸಾಹೇಬರು ಟೇಪು ಕತ್ತರಿಸಿ ಉದ್ಘಾಟಿಸಿದ್ದರು. ಟೇಪು ಇನ್ನೂ ನೇತಾಡುತ್ತಿದೆ, ನೀರು ಬರುವುದಿಲ್ಲ. ಪಾರ್ಕಿಂಗ್ ಶುಲ್ಕ ಮಾತ್ರ ಒಂದು ದಿನವೂ ನಿಂತಿಲ್ಲ.

ಊಟದ ವಿಷಯ ಎತ್ತಿದ್ದಕ್ಕೆ ವೇದಿಕೆಯಿಂದ ಇಳಿದ ಒಬ್ಬರು, 'ತಾಯಿ ಹೇಗೆ ತಿಂದರೂ ಹಾಲು ಬರುತ್ತೆ, ಹಿಂಡುತ್ತಾ ಇದ್ದರೆ ಸಾಕು' ಎಂದರು. ಬರುತ್ತೆ ಸ್ವಾಮಿ, ಯಾರ ಮೈಯಿಂದ? ಕ್ಯಾಲ್ಸಿಯಂ ಸಾಲದಿದ್ದರೆ ತಾಯಿಯ ಮೂಳೆಯಿಂದಲೇ ಹೋಗುತ್ತದೆ. ವಿಟಮಿನ್ ಬಿ12 ಅವಳಿಗೇ ಕಮ್ಮಿಯಿದ್ದರೆ ಹಾಲಿನಲ್ಲೂ ಕಮ್ಮಿ. ಭಾಷಣದಲ್ಲಿ ಬಾದಾಮಿ, ಖರ್ಜೂರ ತಿನ್ನಿ ಎಂದವರೂ ಇವರೇ. ಅಲ್ವಾ ಮತ್ತೆ, ಬಾದಾಮಿ ನಮ್ಮ ಹಿತ್ತಲಲ್ಲೇ ಬೆಳೆಯುತ್ತೆ!

ಮಗು ಒಳಗಿರುವ ತನಕ ತಾಯಿಗೂ ಊಟ ಕೊಡಿ. ಮಲಗಲು ಒಂದು ಕೋಣೆಯಾದರೂ ಕೊಡಿ. ಅದೂ ಆಗದಿದ್ದರೆ ಲಿಫ್ಟ್ ರಿಪೇರಿ ಮಾಡಿಸಿ. ಸಂಬಂಧಪಟ್ಟವರು ಏನಾದರೊಂದು ಮಾಡಲಿ, ಸಂಬಳ ಸುಮ್ನೆ ಬರುತ್ತಿಲ್ಲವಲ್ಲ.

– ಒಬ್ಬ ಅಜ್ಜಿ, ಕೋಟೆ ಬೀದಿ